ನಡೆಯುತ್ತ ಹೇಳಿದ ಅಡುಗೆ

ರತ್ನಾಕರ ರಾಯರು ಬಿದ್ದದ್ದು ಕಾಲು ಜಾರಿ ಅಲ್ಲ, ಕೇಳಿದ ಮಾತಿಗೆ ಉತ್ತರ ಕೊಡಲು ಹೋಗಿ. ಜನವರಿಯ ಒಂದು ಭಾನುವಾರ ಬೆಳಿಗ್ಗೆ ಕೊಲ್ಕತ್ತದ ಲೇಕ್ ಮಾರ್ಕೆಟ್ಟಿನಿಂದ ಕಾಫಿಪುಡಿ, ಕರಿಬೇವು, ಒಂದು ದಪ್ಪನೆಯ ಮಂಗಳೂರು ಸೌತೆಕಾಯಿ ಹಿಡಿದುಕೊಂಡು ಬರುತ್ತಿದ್ದರು. ಕೆಳಮನೆಯ ಘೋಷ್ ಬಾಬು ಹಿಂದಿನಿಂದ, “ದಾದಾ, ಮೊಮ್ಮಗಳ ಪರೀಕ್ಷೆ ಯಾವಾಗ?” ಅಂತ ಕೇಳಿದರಂತೆ. ಫೆಬ್ರವರಿಯೋ ಮಾರ್ಚೋ ಎಂದು ನೆನಪು ಮಾಡಿಕೊಳ್ಳುವುದರೊಳಗೆ ಕಾಲು ಎಲ್ಲಿಡಬೇಕು ಎನ್ನುವುದು ತಪ್ಪಿಹೋಯಿತು. ಫುಟ್‌ಪಾತಿನ ಅಂಚು ತಾಗಿ ಮುಗ್ಗರಿಸಿದರು. ಎಡಗೈಯ ಮಣಿಕಟ್ಟು ಬಿರುಕು ಬಿಟ್ಟಿತು, ತುಟಿ ಒಡೆಯಿತು.

“ಮಾರ್ಚಿನಲ್ಲಿ ಅಂತ ಹೇಳಿಯೇ ಬಿದ್ದದ್ದು ನಾನು,” ಎಂದು ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ರಾಯರು ಹೇಳಿದರು. “ಉತ್ತರ ಸರಿ ಇತ್ತು.”

ಯಾರೂ ನಗಲಿಲ್ಲ.

ಹೆಂಡತಿ ಸುಗಂಧಿಗೆ ಮಾತ್ರ ಇದು ತೀರ ಅನಿರೀಕ್ಷಿತವಾಗಿರಲಿಲ್ಲ. ಒಂದು ವರ್ಷದಿಂದ ನೋಡುತ್ತಿದ್ದಳು. ಮನೆಯ ಹಾಲ್‌ನಲ್ಲಿ ನಡೆಯುತ್ತಿದ್ದವರನ್ನು ಏನಾದರೂ ಕೇಳಿದರೆ ಗಂಡ ಗಕ್ಕನೆ ನಿಂತುಬಿಡುತ್ತಿದ್ದರು. ನಿಂತು, ಗೋಡೆಗೆ ಒಂದು ಬೆರಳು ತಾಗಿಸಿ, ಉತ್ತರ ಹೇಳಿ, ಮತ್ತೆ ಹೊರಡುತ್ತಿದ್ದರು. ನನ್ನ ಮಾತಿಗೆ ಇಷ್ಟು ಮರ್ಯಾದೆ ಕೊಡಲು ಇವರಿಗೆ ಎಪ್ಪತ್ತಾರು ವರ್ಷ ಆಗಬೇಕಾಯಿತಲ್ಲ ಎಂದು ಅವಳು ಆಗ ಅಂದುಕೊಂಡಿದ್ದಳು.

ಉಡುಪಿ ಕಡೆಯ ಈ ಸಂಸಾರ ಕೊಲ್ಕತ್ತಕ್ಕೆ ಬಂದು ನಲವತ್ತು ವರ್ಷ ದಾಟಿತ್ತು. ರಾಯರು ಬ್ಯಾಂಕಿನ ವರ್ಗಾವಣೆಯಲ್ಲಿ ಬಂದವರು, ಮ್ಯಾನೇಜರಾಗಿ ನಿವೃತ್ತರಾಗಿ ಇಲ್ಲೇ ಉಳಿದರು. ಮಗ ವೈಭವ್ ಕೂಡ ಬ್ಯಾಂಕಿನವನೇ, ಟಾಲಿಗಂಜಿನ ಶಾಖೆಯಲ್ಲಿ. ಸೊಸೆ ಐಶ್ವರ್ಯಾ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಮೊಮ್ಮಗಳು ಸಾಕ್ಷಿ ಹನ್ನೊಂದನೇ ತರಗತಿ. ಇಷ್ಟು ವರ್ಷದಲ್ಲಿ ಮನೆಯಲ್ಲಿ ಏನೇನು ಬದಲಾದರೂ, ಭಾನುವಾರ ಬೆಳಿಗ್ಗೆ ರಾಯರು ಒಬ್ಬರೇ ಚೀಲ ಹಿಡಿದು ಮಾರ್ಕೆಟ್ಟಿಗೆ ಹೋಗುವುದು ಮಾತ್ರ ಬದಲಾಗಿರಲಿಲ್ಲ. ಅದೊಂದು ಗಂಟೆ ಅವರದು. ಕರಿಬೇವಿನ ಅಂಗಡಿಯವನ ಹತ್ತಿರ ತಮಿಳು, ತರಕಾರಿಯವಳ ಹತ್ತಿರ ಬಂಗಾಳಿ, ಕಾಫಿಪುಡಿಯವನ ಹತ್ತಿರ ಕನ್ನಡ ಮಾತಾಡಿ ಬಂದರೆ ವಾರಕ್ಕೆ ಸಾಕಾಗುವಷ್ಟು ಗೆಲುವು.

ವೈಭವ್ ಅದನ್ನೇ ನಿಲ್ಲಿಸಿದ. ಅಷ್ಟೇ ಅಲ್ಲ, ಬಡಗಿಯನ್ನು ಕರೆಸಿ ಮುಂಬಾಗಿಲ ಒಳಗಡೆ, ತೀರ ಮೇಲೆ, ಒಂದು ಹೊಸ ಚಿಲಕ ಹಾಕಿಸಿದ. ಹೆಗಲು ನೋವಿನ ಅಪ್ಪನ ಕೈ ಅಲ್ಲಿಗೆ ಹೋಗುವುದಿಲ್ಲ.

“ನಾವು ಹೋದ ಮೇಲೆ ಅಮ್ಮ, ನೀವು ಚಿಲಕ ಹಾಕ್ಕೊಳ್ಳಿ.”

“ನನ್ನ ಕೈಯಾದ್ರೂ ಅಲ್ಲಿಗೆ ಎಲ್ಲಿ ಹೋಗ್ತದೆ ಮಾರಾಯ?” ಎಂದಳು ಸುಗಂಧಿ.

“ಸ್ಟೂಲ್ ಉಂಟಲ್ಲ.”

ಐಶ್ವರ್ಯಾ ಟಿಫಿನ್ ಡಬ್ಬಿ ಮುಚ್ಚುತ್ತಿದ್ದವಳು ತಲೆ ಎತ್ತಿದಳು. “ಮಾವ ಬೀಳಬಾರ್ದು ಅಂತ ಅತ್ತೆಯನ್ನು ದಿನಾ ಸ್ಟೂಲಿನ ಮೇಲೆ ಹತ್ತಿಸುದಾ? ಚೆನ್ನಾಗುಂಟು ನಿಮ್ಮ ಲೆಕ್ಕ.”

“ಮತ್ತೆ ಎಂತ ಮಾಡ್ಲಿ ನಾನು? ಬ್ಯಾಂಕಿನಲ್ಲಿ ಕೂತರೆ ಫೋನ್ ರಿಂಗಾದಾಗೆಲ್ಲ ಅಪ್ಪ ಬಿದ್ರೇನೋ ಅಂತ ಆಗ್ತದೆ.”

“ನಾನು ಎಮ್ಮೆಯಾ, ಕಟ್ಟಿ ಹಾಕ್ಲಿಕ್ಕೆ?” ಎಂದು ರಾಯರು ಒಳಗಿನಿಂದ ಕೇಳಿದರು.

“ಎಮ್ಮೆಗೆ ನಾಲ್ಕು ಕಾಲು ಉಂಟು ಅಪ್ಪ. ಅದು ಬೀಳುದಿಲ್ಲ.”

ಸುಗಂಧಿ ಸ್ಟೂಲು ಹತ್ತಿ ಚಿಲಕ ಹಾಕಿದಳು. ಇಳಿಯುವಾಗ ರಾಯರು ಅವಳ ಮೊಣಕೈ ಹಿಡಿದುಕೊಂಡರು. ಹೀಗೆ ಒಂದು ವಾರ ಹೋಯಿತು, ಎರಡು ವಾರ ಹೋಯಿತು. ರಾಯರು ಕುರ್ಚಿಯಿಂದ ಊಟಕ್ಕೆ, ಊಟದಿಂದ ಕುರ್ಚಿಗೆ. ಸಾರಿಗೆ ಉಪ್ಪು ಕಡಿಮೆ ಎನ್ನುವುದು, ಪೇಪರಿನವನು ತಡ ಎನ್ನುವುದು, ಎಲ್ಲದಕ್ಕೂ ಕೊಂಕು.

“ನನಗೆ ಬೇರೆ ಎಂತದೂ ಬೇಡ,” ಎಂದು ಒಂದು ಮಧ್ಯಾಹ್ನ ಸುಗಂಧಿಯ ಹತ್ತಿರ ಹೇಳಿದರು. “ಭಾನುವಾರ ಒಬ್ಬನೇ ಹೋಗಿ ಒಬ್ಬನೇ ಬರ್ಬೇಕು. ಅಷ್ಟಾಗದಿದ್ರೆ ನನ್ನದು ಮುಗಿಯಿತು ಅಂತ ಅರ್ಥ.”

“ಮುಗಿಯುದೆಲ್ಲ ಬಾಯಲ್ಲಿ ತರ್ಬೇಡಿ. ಮಜ್ಜಿಗೆ ಕುಡಿಯಿರಿ.”

ಪ್ಲಾಸ್ಟರ್ ಬಿಚ್ಚಿದ ಮೇಲೆ ವ್ಯಾಯಾಮ ಹೇಳಿಕೊಡಲು ಒಬ್ಬ ಹುಡುಗಿ ಬಂದಳು. ಸುದೇಷ್ಣಾ ಅಂತ ಹೆಸರು, ಲೇಕ್ ಗಾರ್ಡನ್ಸಿನವಳು, ಮಾತು ಅರ್ಧ ಹಿಂದಿ ಅರ್ಧ ಬಂಗಾಳಿ. ಚಿಕ್ಕಪ್ಪ ಚಿಕ್ಕಮ್ಮ ಅನ್ನುವ ಹಾಗೆ ರಾಯರನ್ನು ‘ಕಾಕು’ ಅಂದಳು, ಸುಗಂಧಿಯನ್ನು ‘ಕಾಕಿಮಾ’. ಮಣಿಕಟ್ಟು ನೋಡಿದ್ದು ಎರಡು ನಿಮಿಷ. ಉಳಿದ ಹೊತ್ತೆಲ್ಲ ಕಾಲನ್ನು ನೋಡಿದಳು. ಕುರ್ಚಿಯಿಂದ ಎದ್ದು, ಬಾಲ್ಕನಿಯ ಬಾಗಿಲು ಮುಟ್ಟಿ, ಮತ್ತೆ ಬಂದು ಕೂರಲು ಹೇಳಿ ಫೋನಿನಲ್ಲಿ ಹೊತ್ತು ನೋಡಿದಳು. ಹದಿನಾಲ್ಕು ಸೆಕೆಂಡು. ಎರಡನೇ ಸಲ, “ಈಗ ನಡೆಯುತ್ತಾ ಹೇಳಿ ಕಾಕು, ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದಿರಿ?” ಅಂದಳು.

ರಾಯರು ಎದ್ದರು, ನಾಲ್ಕು ಹೆಜ್ಜೆ ಹಾಕಿದರು, “ಅವಲಕ್ಕಿ...” ಅಂದರು. ನಿಂತರು.

ಇಪ್ಪತ್ತಮೂರು ಸೆಕೆಂಡು.

“ನಡೆಯಲಿಕ್ಕೂ ತಲೆ ಬೇಕು, ಯೋಚನೆಗೂ ಅದೇ ತಲೆ ಬೇಕು,” ಎಂದಳು ಸುದೇಷ್ಣಾ. “ಪ್ರಾಯದವರಿಗೆ ಎರಡೂ ಒಟ್ಟಿಗೆ ನಡೆಯುತ್ತದೆ. ವಯಸ್ಸಾದಾಗ ಒಂದು ಇನ್ನೊಂದನ್ನು ತಳ್ಳುತ್ತದೆ. ಕಾಲಿಗೆ ಬಲ ಬರಲಿಕ್ಕೆ ವ್ಯಾಯಾಮ ಕೊಡುತ್ತೇನೆ. ಅದರ ಜೊತೆಗೆ, ದಿನಾ ಅರ್ಧ ಗಂಟೆ, ನಡೆಯುತ್ತಾ ಯೋಚನೆ ಮಾಡುವ ಅಭ್ಯಾಸ. ಮಂತ್ರ ಅಲ್ಲ ಇದು, ಎಂಟು ಹತ್ತು ವಾರ ಹಿಡಿಯುತ್ತದೆ. ಎಷ್ಟು ಸುಧಾರಿಸುತ್ತದೆ ಅಂತ ಈಗಲೇ ಹೇಳಲಾರೆ.”

“ಆಮೇಲೆ ಮಾರ್ಕೆಟ್ಟಿಗೆ ಹೋಗಬಹುದಾ?” ರಾಯರು ಕೇಳಿದ್ದು ಅದೊಂದೇ.

“ನೋಡುವಾ ಕಾಕು.”

ಸಂಜೆ ವೈಭವ್ ಕೂಡ ಅದಕ್ಕೆ ಒಪ್ಪಿದ. “ಸರಿ. ನಡೆಯುತ್ತಾ ಮಾತಾಡಿ ತೋರ್ಸಿ ಅಪ್ಪ. ಕಾಲು ನಿಲ್ಬಾರ್ದು. ಅವತ್ತು ನಾನೇ ಆ ಚಿಲಕ ತೆಗಿಸ್ತೇನೆ.”

ಮಾರನೇ ದಿನದಿಂದ ಮನೆ ವ್ಯಾಯಾಮಶಾಲೆ ಆಯಿತು. ಬೆಳಿಗ್ಗೆ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಆಗ ಸುಗಂಧಿಗೆ ದೋಸೆ ಕಾವಲಿ ಇಡಲು ಜಾಗವಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು. ಸಂಜೆ ಸಾಕ್ಷಿ ಶಾಲೆಯಿಂದ ಬಂದ ಮೇಲೆ ಬಾಲ್ಕನಿಯಿಂದ ಅಡುಗೆಮನೆಗೆ ನಡೆಯುತ್ತಾ ಯೋಚನೆ. ಯೋಚನೆಗೆ ರಾಯರು ಆರಿಸಿಕೊಂಡದ್ದು ಮಗ್ಗಿ. ಹದಿನೇಳರ ಮಗ್ಗಿ, ಹತ್ತೊಂಬತ್ತರ ಮಗ್ಗಿ, ಕಾಲು, ಅರೆ, ಮುಕ್ಕಾಲು. ಶಾಲೆಯಲ್ಲಿ ಬೆತ್ತದ ಭಯಕ್ಕೆ ಕಲಿತದ್ದು ಎಪ್ಪತ್ತು ವರ್ಷ ಕಳೆದರೂ ಒಂದಕ್ಷರ ತಪ್ಪಿರಲಿಲ್ಲ. ಕಾಲೂ ನಿಲ್ಲಲಿಲ್ಲ. ವೈಭವನಿಗೇ ಆಶ್ಚರ್ಯ.

ಮುಂದಿನ ವಾರ ಸುದೇಷ್ಣಾ ಬಂದು ಕೇಳಿ ನಕ್ಕುಬಿಟ್ಟಳು.

“ಕಾಕು, ಇದು ಯೋಚನೆ ಅಲ್ಲ. ಇದು ರೇಡಿಯೋ. ಬಾಯಿ ತನ್ನಷ್ಟಕ್ಕೆ ಹಾಡುತ್ತಿದೆ, ತಲೆ ಆರಾಮಾಗಿ ಮಲಗಿದೆ. ನಿಮಗೆ ಗೊತ್ತಿಲ್ಲದ ವಿಷಯ ಬೇಕು.” ಸುಗಂಧಿಯ ಕಡೆ ತಿರುಗಿದಳು. “ಕಾಕಿಮಾ, ಇವರಿಗೆ ಏನು ಗೊತ್ತಿಲ್ಲ?”

ಸುಗಂಧಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಒಂದು ಕ್ಷಣವೂ ಬೇಕಾಗಲಿಲ್ಲ.

“ಅಡುಗೆಮನೆ.”

ರಾಯರು, “ನನಗೆ ಗೊತ್ತಿಲ್ಲದ್ದು ಎಂತ ಉಂಟು ಅದರಲ್ಲಿ? ದಿನಾ ಉಣ್ಣುದಿಲ್ವಾ?” ಅಂದರು.

“ಹಾಗಾದ್ರೆ ನಡೆಯುತ್ತಾ ಹೇಳಿ. ಸಾರಿಗೆ ಎಂತ ಎಂತ ಹಾಕುದು?” ಎಂದಳು ಸುಗಂಧಿ.

ರಾಯರು ಹೊರಟರು. “ನೀರು...” ಎಂದರು. ಮೂರು ಹೆಜ್ಜೆ. “ಉಪ್ಪು...” ಇನ್ನೆರಡು ಹೆಜ್ಜೆ. ಫ್ರಿಜ್ಜಿನ ಹತ್ತಿರ ಕಾಲು ನಿಂತಿತು. “ಮತ್ತೆ ಸಾರಿನಪುಡಿ!”

“ಪುಡಿ ಮರದಲ್ಲಿ ಬಿಡ್ತದಾ?”

“ಅಜ್ಜ, ಸ್ಟಾಪ್ ಆದ್ರಿ! ಕಾಲು ಸ್ಟಾಪ್!” ಸಾಕ್ಷಿ ಚಪ್ಪಾಳೆ ತಟ್ಟಿದಳು. ಸುದೇಷ್ಣಾ ಚಹಾ ಕುಡಿಯುತ್ತ, “ಇದೇ ಸರಿ. ಇದನ್ನೇ ಮಾಡಿ,” ಅಂದಳು.

ಮೊದಲ ನಾಲ್ಕು ದಿನ ಮನೆಯಲ್ಲಿ ನಗೆಯೋ ನಗೆ. ಕಾಯಿ ಅರೆದು ಕುದಿಸುವ ಕೊದ್ದೆಲಿಗೆ ಬಾಯಲ್ಲೇ ಮೈದಾ ಹಾಕಿದರು. ಕುದಿಸಬಾರದ ತಂಬುಳಿಯನ್ನು ಕುದಿಸಿದರು. ಪಲ್ಯಕ್ಕೆ ಒಗ್ಗರಣೆಯನ್ನು ಕೊನೆಗೆ ಹಾಕುವುದೋ ಮೊದಲು ಹಾಕುವುದೋ ಎನ್ನುವಲ್ಲಿ ಬಾಲ್ಕನಿಯ ಬಾಗಿಲಿಗೆ ಒರಗಿ ಐದು ನಿಮಿಷ ನಿಂತರು. ಅವರು ಬೆವರುವುದು ಕಂಡು ಐಶ್ವರ್ಯಾ, “ಮಾವ, ನಾವು ಇದನ್ನು ದಿನಾ ಬೆಳಿಗ್ಗೆ ಐದೂವರೆಗೆ ಮಾಡ್ತೇವೆ, ಒಂದು ಕಣ್ಣು ಮುಚ್ಚಿಕೊಂಡು,” ಅಂದಳು.

ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ರಾಯರಿಗೆ ಬಂದುಬಿಟ್ಟಿತು.

“ಸೌತೆಕಾಯಿ ಕೊದ್ದೆಲ್ ಹೇಳಿ,” ಎಂದಳು ಸಾಕ್ಷಿ.

“ಕೊತ್ತಂಬರಿ ಎರಡು ಚಮಚ, ಉದ್ದಿನಬೇಳೆ ಒಂದು ಚಮಚ, ಮೆಂತೆ ಕಾಲು ಚಮಚ, ಒಣಮೆಣಸು ಎಂಟು. ಹುರಿಯುದು. ಅರ್ಧ ಕಾಯಿ ತುರಿ, ಹುಣಸೆಹಣ್ಣು ನೆಲ್ಲಿಕಾಯಿ ಗಾತ್ರ. ಅರೆಯುದು. ಬೇಯಿಸಿದ ಸೌತೆಕಾಯಿಗೆ ಹಾಕಿ, ಬೆಲ್ಲ ಹಾಕಿ, ಕುದಿಸುದು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು ಒಗ್ಗರಣೆ.”

ಬಾಲ್ಕನಿಯಿಂದ ಅಡುಗೆಮನೆ, ಅಡುಗೆಮನೆಯಿಂದ ಬಾಲ್ಕನಿ. ಎಲ್ಲಿಯೂ ನಿಲ್ಲಲಿಲ್ಲ. ಮಾರನೇ ದಿನ ಮೆಣಸ್ಕಾಯಿ. ಅದರ ಮಾರನೇ ದಿನ ಮಜ್ಜಿಗೆ ಹುಳಿ. ವೈಭವ್ ಶನಿವಾರ ಬ್ಯಾಂಕಿನಿಂದ ಬಂದವನು ಶೂಸ್ ಬಿಚ್ಚದೆ ನಿಂತು ನೋಡಿದ. ಕಣ್ಣು ತುಂಬಿ ಬಂದಿತ್ತು ಅವನಿಗೆ.

“ಅಪ್ಪ, ಸಾಕು. ನಾಳೆಯಲ್ಲ, ಮುಂದಿನ ಭಾನುವಾರ ಹೋಗಿ. ಒಬ್ಬರೇ ಹೋಗಿ.”

ಊಟಕ್ಕೆ ಐಶ್ವರ್ಯಾ ಪಾಯಸ ಮಾಡಿದಳು. ವೈಭವ್ ಅರ್ಧ ಲೋಟ, ಉಳಿದವರು ಒಂದೊಂದು ಲೋಟ ಕುಡಿದರು. ಸುಗಂಧಿಯೂ ಕುಡಿದಳು. ಆದರೆ ಒಂದು ಮಾತು ಮನಸ್ಸಿನಿಂದ ಹೋಗಲಿಲ್ಲ.

ಇಂಗು.

ಈ ಮನೆಯ ಕೊದ್ದೆಲಿಗೆ ಬೆಳ್ಳುಳ್ಳಿ ಒಗ್ಗರಣೆ. ನಲವತ್ತೆಂಟು ವರ್ಷದಿಂದ ಹಾಗೇ. ಬೆಳ್ಳುಳ್ಳಿಯ ಎಸಳು ಕೆಂಪಾಗದಿದ್ದರೆ ತಟ್ಟೆಯಲ್ಲೇ ಹೇಳುವ ಗಂಡ ಇವರು. ಕೊದ್ದೆಲಿಗೆ ಇಂಗು ಹಾಕುವುದು ಇವರ ತಂಗಿ ರುಕ್ಮಿಣಿಯ ಮನೆಯಲ್ಲಿ. ಉಡುಪಿಯಲ್ಲಿ, ಮಡಿಯ ಅತ್ತೆ ಇದ್ದ ಮನೆ ಅದು, ಬೆಳ್ಳುಳ್ಳಿ ಹೊಸಿಲು ದಾಟಿದ್ದಿಲ್ಲ. ಮೆಣಸ್ಕಾಯಿಗೆ ಎಳ್ಳು ಎರಡು ಪಾಲು ಎಂದದ್ದೂ ರುಕ್ಮಿಣಿಯ ಲೆಕ್ಕವೇ.

ಗಂಡ ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು ತಂಗಿಯ ಹತ್ತಿರ ಫೋನಿನಲ್ಲಿ ಅಷ್ಟು ಹೊತ್ತು ಮಾತಾಡುತ್ತಿದ್ದದ್ದು ಯಾಕೆ ಎಂದು ಈಗ ಗೊತ್ತಾಯಿತು. ಬ್ಯಾಂಕಿನ ಹಳೆಯ ಡೈರಿ ಮಡಿಲಲ್ಲಿ ಇಟ್ಟುಕೊಂಡು ಬರೆಯುತ್ತಿದ್ದರು. ಅವಳು ಸ್ನಾನಕ್ಕೆ ಹೋದಾಗ ಗೊಣಗುತ್ತಿದ್ದದ್ದು ಸ್ತೋತ್ರ ಅಲ್ಲ, ಕೊದ್ದೆಲ್. ಮಗ್ಗಿ ಹೋಗಿ ಅಡುಗೆ ಬಾಯಿಪಾಠ ಆಗಿತ್ತು. ಅಷ್ಟೇ.

ಭಾನುವಾರಕ್ಕೆ ಇನ್ನು ಎಂಟು ದಿನ ಇತ್ತು. ಹೇಳಿದರೆ ಗಂಡನ ಮಾನ ಮಗನ ಎದುರು ಹೋಗುತ್ತದೆ. ಹೇಳದಿದ್ದರೆ ಗಂಡನೇ ಹೋದಾರು. ಸೋಮವಾರ ಅಕ್ಕಿ ಆರಿಸುತ್ತ ಯೋಚಿಸಿದಳು, ಮಂಗಳವಾರ ಬಟ್ಟೆ ಮಡಿಸುತ್ತ ಯೋಚಿಸಿದಳು. ಬುಧವಾರ ಎಲ್ಲರೂ ಹೋದ ಮೇಲೆ ಸ್ಟೂಲು ಹತ್ತಿ ಚಿಲಕ ಹಾಕಿ ಇಳಿದಳು.

“ಹ್ವಾಯ್, ಸ್ವಲ್ಪ ನಡೀರಿ ಕಾಂಬ.”

“ಈಗಲಾ? ಸಂಜೆಗಲ್ವಾ ನಮ್ಮದು?”

“ಈಗ ನಡೀರಿ. ಸೌತೆಕಾಯಿ ಕೊದ್ದೆಲ್ ಹೇಳಿ.”

ರಾಯರು ಉತ್ಸಾಹದಿಂದ ಎದ್ದರು. ಕೊತ್ತಂಬರಿ ಆಯಿತು, ಉದ್ದಿನಬೇಳೆ ಆಯಿತು, ಒಣಮೆಣಸು ಎಂಟು ಎನ್ನುವಾಗ ಸುಗಂಧಿ ಅಡ್ಡ ಮಾತು ಹಾಕಿದಳು.

“ಸೌತೆಕಾಯಿ ಹೆಚ್ಚಿ ನೋಡಿದೆ. ಕಹಿ ಉಂಟು. ಬಾಯಿಗೆ ಇಡ್ಲಿಕ್ಕೆ ಆಗುದಿಲ್ಲ. ಈಗ ಎಂತ ಮಾಡ್ತೀರಿ?”

“ಕಹಿಯಾ?”

“ಹೌದು. ಊಟಕ್ಕೆ ಒಂದು ಗಂಟೆ ಉಂಟು. ಐದು ಜನ.”

ರಾಯರ ಬಲಗಾಲು ಮುಂದೆ ಹೋಗಿತ್ತು. ಎಡಗಾಲು ಬರಲಿಲ್ಲ. ದೇಹ ಸ್ವಲ್ಪ ಓಲಾಡಿತು. ಸುಗಂಧಿ ಹೆಗಲು ಕೊಟ್ಟು ನಿಂತಳು. ಹಾಗೇ ನಡೆಸಿಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದಳು.

“ರುಕ್ಮಿಣಿಯ ಕೊದ್ದೆಲಿನಲ್ಲಿ ಸೌತೆಕಾಯಿ ಕಹಿ ಬರುದಿಲ್ಲ ಅಂತ ಕಾಣ್ತದೆ,” ಎಂದಳು.

ರಾಯರ ಮುಖ ಕೆಂಪಾಯಿತು. “ಯಾರು ಹೇಳಿದ್ದು? ಅವಳೇ ಫೋನ್ ಮಾಡಿದ್ಳಾ?”

“ನಿಮ್ಮ ಇಂಗು ಹೇಳಿತು.”

ಕೆಳಗೆ ಬೀದಿಯಲ್ಲಿ ಹಳೆ ಪೇಪರಿನವನು ಕೂಗಿಕೊಂಡು ಹೋದ.

“ನೀನು ಯಾರ ಕಡೆ? ವೈಭವನ ಕಡೆಯಾ?” ಎಂದರು ರಾಯರು.

“ಆ ಚಿಲಕದ ಒಳಗೆ ನಾನೂ ಇದ್ದೇನೆ. ನಿಮ್ಮ ಕಡೆಯೇ.”

“ಹಾಗಾದ್ರೆ ಸುಮ್ಮನಿರು. ಒಂದು ಸಲ ಹೋಗಿ ಬಂದ್ರೆ ಅವನಿಗೆ ಧೈರ್ಯ ಬರ್ತದೆ. ನಾನು ಬ್ಯಾಂಕಿನ ಎಲ್ಲ ಪರೀಕ್ಷೆ ಪಾಸಾದದ್ದು ಹೀಗೆಯೇ. ಬರೆದು, ಬಾಯಿಪಾಠ ಮಾಡಿ. ಒಂದರಲ್ಲೂ ಫೇಲಾದದ್ದಿಲ್ಲ ನಾನು.”

“ಅದು ಬ್ಯಾಂಕಿನ ಪರೀಕ್ಷೆ. ಇಲ್ಲಿ ಪ್ರಶ್ನೆ ಕೇಳುದು ವೈಭವ್ ಅಲ್ಲ, ರಸ್ತೆ. ಆಟೋದವನು ಯಾವ ಕಡೆಯಿಂದ ಬರ್ತಾನೆ, ಘೋಷ್ ಬಾಬು ಎಲ್ಲಿ ಕೂಗ್ತಾರೆ, ಅದನ್ನು ರುಕ್ಮಿಣಿ ಬರೆಸಿ ಕೊಡ್ತಾಳಾ?”

“ನನ್ನನ್ನು ಹೆದರಿಸ್ತಿ ನೀನು.”

“ಹೆದರಿಕೆ ನನಗೆ. ನೀವು ಬಿದ್ದ ದಿನ ಆಸ್ಪತ್ರೆಯಲ್ಲಿ ನಿಮ್ಮ ಚಪ್ಪಲಿ ಹಿಡ್ಕೊಂಡು ಮೂರು ಗಂಟೆ ಕೂತದ್ದು ನಾನು.” ಅವಳ ದನಿ ಏರಲಿಲ್ಲ. ಏರುವ ದನಿ ಅವಳದಲ್ಲ. “ವೈಭವನಿಗೆ ನಾನು ಹೇಳುದಿಲ್ಲ. ಹೇಳುದಿದ್ರೆ ನೀವೇ ಹೇಳ್ಬೇಕು. ಹೇಳದಿದ್ರೂ ಅಡ್ಡಿ ಇಲ್ಲ, ಈ ಭಾನುವಾರ ಬೇಡ ಅಂತ ಮಾತ್ರ ಹೇಳಿ. ಮತ್ತೆ ಸರಿಯಾಗಿ ಮಾಡುವ.”

ರಾಯರು ಆ ದಿನ ಮಧ್ಯಾಹ್ನ ಸರಿಯಾಗಿ ಉಣ್ಣಲಿಲ್ಲ. ಗುರುವಾರವೂ ಹಾಗೇ. ಶುಕ್ರವಾರ ಎಲ್ಲರೂ ಊಟಕ್ಕೆ ಕೂತಾಗ, ತಟ್ಟೆಯ ಅಂಚಿನ ಉಪ್ಪಿನಕಾಯಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿ, “ವೈಭವ್, ಈ ಭಾನುವಾರ ಬೇಡ,” ಅಂದರು.

“ಯಾಕಪ್ಪ? ಕಾಲು ನೋವಾ?”

“ಕಾಲು ಸರಿ ಉಂಟು. ನಾನು ಕಾಪಿ ಹೊಡೆದಿದ್ದೆ.”

ಸಾಕ್ಷಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ರಾಯರು ಡೈರಿಯ ವಿಷಯ, ರುಕ್ಮಿಣಿಯ ವಿಷಯ ಎಲ್ಲ ಹೇಳಿದರು. ವೈಭವನಿಗೆ ಸಿಟ್ಟು ಬಂತು.

“ಎಂತ ಅಪ್ಪ ನೀವು? ನಾನು ನಂಬಿ ಕಳಿಸ್ತಿದ್ದೆ. ಏನಾದ್ರೂ ಆಗಿದ್ರೆ?”

“ಆಗ್ಲಿಲ್ಲಲ್ಲ.”

“ಅಜ್ಜ, ಯು ಚೀಟೆಡ್!” ಸಾಕ್ಷಿಗೆ ಮಾತ್ರ ಖುಷಿಯೋ ಖುಷಿ. “ನನಗೆ ದಿನಾ ಹೇಳ್ತೀರಿ, ಮಗ್ ಅಪ್ ಮಾಡ್ಬಾರ್ದು, ಅರ್ಥ ಮಾಡ್ಕೊಂಡು ಓದು ಅಂತ!”

ಐಶ್ವರ್ಯಾ ಅನ್ನ ಬಡಿಸುತ್ತ, “ಸಿಟ್ಟು ಮಾಡ್ಬೇಡಿ ನೀವು,” ಎಂದಳು ಗಂಡನಿಗೆ. “ಹೇಳಿದ್ರಲ್ಲ. ನಿಮ್ಮಲ್ಲಿ ಯಾರು ಹೀಗೆ ಒಪ್ಪಿಕೊಳ್ತಾರೆ? ಅದಿರ್ಲಿ, ಆ ಚಿಲಕ ನಾಳೆ ತೆಗೆಸಿ. ಮಾವ ತಾವಾಗಿಯೇ ಬೇಡ ಅಂತ ನಿಂತವರು, ಅವರಿಗೆ ಚಿಲಕ ಎಂತಕ್ಕೆ? ಗ್ಯಾಸ್ ಸೋರಿದ್ರೆ ಅತ್ತೆ ಸ್ಟೂಲು ಹುಡುಕ್ಲಿಕ್ಕೆ ಹೋಗುದಾ?”

ಶನಿವಾರ ಬಡಗಿ ಬಂದ.

ಆಮೇಲಿನ ಅಭ್ಯಾಸವೇ ಬೇರೆ. ಸುಗಂಧಿ ಫ್ರಿಜ್ಜಿನ ಬಾಗಿಲು ತೆರೆದು ನಿಲ್ಲುತ್ತಿದ್ದಳು. ರಾಯರು ನಡೆಯುತ್ತಿದ್ದರು. ಅವಳು ಇದ್ದದ್ದನ್ನು ಹೇಳಬೇಕು, ಅವರು ನಾಳೆಯ ಅಡುಗೆ ಕಟ್ಟಬೇಕು. ಕಾಲು ನಿಂತರೆ ಮೊದಲಿನಿಂದ. ಇದರ ಮೇಲೆ ಸಾಕ್ಷಿ ಒಂದು ಕಾನೂನು ಮಾಡಿದಳು: ಅಜ್ಜ ಏನು ಹೇಳುತ್ತಾರೋ ಮರುದಿನ ಅದನ್ನೇ ಮಾಡಬೇಕು, ಎಲ್ಲರೂ ಅದನ್ನೇ ಉಣ್ಣಬೇಕು.

“ಅರ್ಧ ಸೋರೆಕಾಯಿ ಉಂಟು. ನಾಲ್ಕು ಬಟಾಟೆ. ಮೊಸರು ಹುಳಿ ಬಂದಿದೆ. ಹೀರೆಕಾಯಿ ಎರಡು, ಒಂದು ಬಲಿತದ್ದು.”

“ಮೊಸರು ಹುಳಿ ಅಲ್ವಾ... ಸೋರೆಕಾಯಿ ಮಜ್ಜಿಗೆ ಹುಳಿ.”

“ಆಯ್ತು. ಮತ್ತೆ?”

“ಮತ್ತೆ... ಹೀರೆಕಾಯಿ ಗೊಜ್ಜು.”

“ನಿಂತ್ರಿ.”

“ನಿಲ್ಲಲಿಲ್ಲ, ತಿರುಗಿದ್ದು!”

ಮರುದಿನ ಮಜ್ಜಿಗೆ ಹುಳಿಯೂ ಹುಳಿ, ಗೊಜ್ಜೂ ಹುಳಿ. ವೈಭವ್ ಟಿಫಿನ್ ಡಬ್ಬಿ ತೆರೆದು ಬ್ಯಾಂಕಿನಿಂದ ಫೋನ್ ಮಾಡಿದ. “ಅಪ್ಪ, ಹಲ್ಲು ಚಳಿ ಹಿಡೀತು.” ರಾಯರು ಆ ಸಂಜೆ ಒಂದು ಹುಳಿಗೆ ಒಂದು ಸಪ್ಪೆ ಎಂದು ತಾನೇ ಕಂಡುಕೊಂಡರು. ಸಾಕ್ಷಿಗೆ ಹಾಗಲಕಾಯಿ ಆಗದು ಎಂದು ಕಲಿತರು. ಮಗನಿಗೆ ಸಕ್ಕರೆ ಕಾಯಿಲೆ, ಬಟಾಟೆ ವಾರಕ್ಕೆ ಒಮ್ಮೆಯೇ ಎಂದು ಕಲಿತರು. ನಿನ್ನೆ ಮಾಡಿದ್ದು ಇವತ್ತು ಬರಬಾರದು, ಕೊಳೆಯುವುದನ್ನು ಮೊದಲು ಮುಗಿಸಬೇಕು, ಏಕಾದಶಿಗೆ ಬೇರೆ. ಒಂದು ದಿನ ನಡು ಹಾಲ್‌ನಲ್ಲಿ, ನಿಲ್ಲದೆ ನಡೆಯುತ್ತಲೇ, “ಸುಗಂಧಿ, ಇಷ್ಟೆಲ್ಲ ನೀನು ದಿನಾ ತಲೆಯಲ್ಲಿ ಇಟ್ಕೊಳ್ಳುದಾ?” ಎಂದು ಕೇಳಿದರು.

“ಮತ್ತೆ ಕಾಲಲ್ಲಿ ಇಟ್ಕೊಳ್ಲಿಕ್ಕೆ ಆಗ್ತದಾ? ನಡೀರಿ.”

ಮಾರ್ಚಿನಲ್ಲಿ ಕೆಲವು ದಿನ ಹಿನ್ನಡೆಯೂ ಆಯಿತು. ಶೀತಜ್ವರ ಬಂದು ವಾರ ಮಲಗಿದರು. ಎದ್ದಾಗ ಕಾಲು ಮತ್ತೆ ಮೊದಲಿನ ಹಾಗೆ ನಿಲ್ಲತೊಡಗಿತು. ರಾಯರು ಸಿಟ್ಟಾಗಿ ಟವೆಲನ್ನು ಕುರ್ಚಿಗೆ ಬಡಿದರು. ಸುಗಂಧಿ ಟವೆಲನ್ನು ಮಡಿಸಿಟ್ಟು ಫ್ರಿಜ್ಜಿನ ಬಾಗಿಲು ತೆರೆದಳು. “ಪಡವಲಕಾಯಿ ಒಂದು, ಟೊಮೆಟೊ ಆರು,” ಎಂದಳು.

ಏಪ್ರಿಲ್ ಮೊದಲ ವಾರ ಸುದೇಷ್ಣಾ ಮತ್ತೆ ಹೊತ್ತು ನೋಡಿದಳು. ಸುಮ್ಮನೆ ನಡೆದದ್ದು ಹದಿಮೂರು ಸೆಕೆಂಡು. ಮಾತಾಡುತ್ತ ನಡೆದದ್ದು ಹದಿನೇಳು. “ಇಪ್ಪತ್ತರ ಹುಡುಗ ಆಗಲಿಲ್ಲ ಕಾಕು, ಆದರೆ ಮೊದಲ ದಿನದ ಕಾಕು ಕೂಡ ಅಲ್ಲ,” ಎಂದಳು. ಲಿಫ್ಟ್ ಇಲ್ಲದ ಮನೆಯ ಮೆಟ್ಟಿಲು, ಬೀದಿ, ತಿರುವಿನ ಔಷಧಿ ಅಂಗಡಿಯವರೆಗೆ ಅವರ ಜೊತೆ ಮೂರು ದಿನ ಹೋಗಿ ಬಂದಳು. ನಾಲ್ಕನೇ ದಿನ ವೈಭವನಿಗೆ, “ಬೆಳಿಗ್ಗೆ ಬೇಗ, ಜನ ಕಡಿಮೆ ಇರುವಾಗ, ಕೈಯಲ್ಲಿ ಕೋಲು ಹಿಡಿದು ಹೋಗಬಹುದು,” ಅಂದಳು.

ಭಾನುವಾರ ಏಳು ಗಂಟೆಗೆ ರಾಯರು ಹೊರಟರು. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಚೀಲ, ಜೇಬಿನಲ್ಲಿ ಫೋನು. ಚೀಟಿ ಬರೆದುಕೊಡಲೇ ಎಂದು ಐಶ್ವರ್ಯಾ ಕೇಳಿದರೆ ಬೇಡ ಎಂದರು. ಸುಗಂಧಿ ಬಾಲ್ಕನಿಯಿಂದ ನೋಡಿದಳು. ಬಿಳಿ ಅಂಗಿ ಔಷಧಿ ಅಂಗಡಿಯ ತಿರುವಿನವರೆಗೆ ಕಂಡಿತು. ಆಮೇಲೆ ಕಾಣಲಿಲ್ಲ.

ಎಂಟು ಗಂಟೆಗೆ ಬರಬೇಕಿತ್ತು. ಎಂಟೂಕಾಲಾಯಿತು. ವೈಭವ್ ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ಎಂಟೂವರೆ. ಐಶ್ವರ್ಯಾ ದೋಸೆ ಹುಯ್ಯುವುದನ್ನು ನಿಲ್ಲಿಸಿ ಒಲೆ ಆರಿಸಿದಳು.

“ಅಮ್ಮ, ಎತ್ತುದಿಲ್ಲ. ಏಳು ಸಲ ಮಾಡಿದೆ.”

“ಬರ್ತಾರೆ.”

“ಹೇಗೆ ಹೇಳ್ತೀರಿ ನೀವು? ಬಿದ್ದಿದ್ರೆ?”

ಸುಗಂಧಿ ಚಟ್ನಿಯ ಪಾತ್ರೆ ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ನಾನೇ ಕಳಿಸಿದ್ದಲ್ಲವೇ ಎಂದು ಅಂದುಕೊಂಡಳು. “ಚಪ್ಪಲಿ ಹಾಕ್ಕೋ. ಹೋಗಿ ನೋಡಿಕೊಂಡು ಬಾ,” ಎಂದಳು ಕೊನೆಗೆ.

ವೈಭವ್ ಬಾಗಿಲು ತೆರೆದ. ಕೆಳಗಿನಿಂದ ಮೆಟ್ಟಿಲ ಮೇಲೆ ಕೋಲಿನ ಸದ್ದು ಬರುತ್ತಿತ್ತು. ಟಕ್, ಸ್ವಲ್ಪ ತಡ, ಟಕ್.

ರಾಯರು ಬೆವರಿ ನೀರಾಗಿದ್ದರು. ಚೀಲ ಒಂದು ಕಡೆಗೆ ಉಬ್ಬಿತ್ತು.

“ಫೋನ್ ಎಂತಕ್ಕೆ ಇರುದು ಅಪ್ಪ? ಎತ್ಲಿಕ್ಕೆ ಆಗುದಿಲ್ವಾ? ನಮ್ಮ ಜೀವ ಹೋಯ್ತು ಇಲ್ಲಿ!”

“ಮೊದಲ ಸಲ ನೀನು ಮಾಡುವಾಗ ನಾನು ದೊಡ್ಡ ರಸ್ತೆಯ ನಡುವಿನಲ್ಲಿದ್ದೆ,” ಎಂದರು ರಾಯರು, ಉಸಿರು ತಂದುಕೊಳ್ಳುತ್ತ. “ಈಗ ಎತ್ತಿದ್ರೆ ನಿಲ್ತೇನೆ, ನಿಂತ್ರೆ ಮಿನಿಬಸ್ಸು ನಿಲ್ಲುದಿಲ್ಲ. ಹಾಗೆ ಎತ್ಲಿಲ್ಲ. ತಡ ಆದದ್ದು ಎಳೆ ಹಲಸಿನ ಗುಜ್ಜೆ ಆರಿಸ್ಲಿಕ್ಕೆ ಹೋಗಿ. ಅದು ಸಹ ತಲೆಯ ಕೆಲಸ. ಅದೂ ಅಲ್ದೆ ನಾನು ಬೇಗ ನಡೆಯುದಿಲ್ಲ, ನಿನಗೆ ಗೊತ್ತುಂಟು.”

ವೈಭವ್ ಚೀಲ ತೆಗೆದುಕೊಳ್ಳಲು ಕೈ ಚಾಚಿದ. ರಾಯರು ಕೊಡಲಿಲ್ಲ. ಹೊಸಿಲು ದಾಟಿ ಒಳಗೆ ನಡೆದರು.

“ತೆಂಗಿನಕಾಯಿ ತರ್ಲಿಲ್ಲ ಸುಗಂಧಿ. ಗುಜ್ಜೆಯೂ ಕಾಯಿಯೂ ಒಂದೇ ಕೈಗೆ ಭಾರ. ಫ್ರಿಜ್ಜಿನಲ್ಲಿ ನಿನ್ನೆಯ ಅರ್ಧ ಕಾಯಿ ಉಂಟಲ್ಲ, ಪಲ್ಯಕ್ಕೆ ಸಾಕು ಅಂತ ಲೆಕ್ಕ ಹಾಕಿದೆ.”

“ಅದನ್ನು ಬೆಳಿಗ್ಗೆ ಚಟ್ನಿಗೆ ಹಾಕಿಯಾಯ್ತು,” ಎಂದಳು ಸುಗಂಧಿ. ಬೇಕೆಂದು ಹೇಳಿದ್ದಲ್ಲ. ನಿಜವಾಗಿಯೂ ಹಾಕಿಯಾಗಿತ್ತು.

ಹೇಳಿದ ಮೇಲೆ ಅವಳ ಕಣ್ಣು ತಾನಾಗಿಯೇ ಗಂಡನ ಕಾಲಿಗೆ ಹೋಯಿತು. ವೈಭವನ ಕಣ್ಣೂ ಅಲ್ಲೇ ಇತ್ತು.

“ಕಾಯಿ ಇಲ್ವಾ,” ಎಂದರು ರಾಯರು. ಊಟದ ಮೇಜು ಬಳಸಿದರು. “ಹಾಗಾದ್ರೆ ಗುಜ್ಜೆ ಬೇಯಿಸಿ... ಪೋಸ್ತು ಅರೆದು ಹಾಕುವ. ಗಸಗಸೆ ಉಂಟಲ್ಲ, ಬಂಗಾಳಿಗಳು ಎಲ್ಲದಕ್ಕೂ ಅದನ್ನೇ ಹಾಕುದು. ಎರಡು ಹಸಿಮೆಣಸು. ಸಾಸಿವೆ ಒಗ್ಗರಣೆ, ಬೆಳ್ಳುಳ್ಳಿ ಬೇಡ, ಪೋಸ್ತಿಗೆ ಹೊಂದುದಿಲ್ಲ. ಮತ್ತೆ ಒಂದು ಸಪ್ಪೆ ಸಾರು.” ಅಡುಗೆಕಟ್ಟೆ ತಲುಪಿ ಚೀಲ ಇಳಿಸಿದರು.

ಕಾಲು ಎಲ್ಲಿಯೂ ನಿಂತಿರಲಿಲ್ಲ.

ವೈಭವ್ ಚಪ್ಪಲಿ ಕಳಚಿ ಮೂಲೆಗೆ ಇಟ್ಟ. ಐಶ್ವರ್ಯಾ ಮತ್ತೆ ಒಲೆ ಹಚ್ಚಿದಳು. ಸುಗಂಧಿ ನೆಲದ ಮೇಲೆ ಹಳೆ ಪೇಪರ್ ಹಾಸಿ, ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು, ಗುಜ್ಜೆಯನ್ನು ಎದುರಿಗೆ ಎಳೆದುಕೊಂಡು ಕೂತಳು.

ರಾಯರು ಕಪಾಟಿನಿಂದ ಪೋಸ್ತಿನ ಡಬ್ಬಿ ಇಳಿಸಿ ಹಿಡಿದು ನಿಂತಿದ್ದರು.

“ಇದನ್ನು ಬಿಸಿನೀರಲ್ಲಿ ನೆನೆಸುದಾ, ತಣ್ಣೀರಲ್ಲಾ?”

ಸುಗಂಧಿ ಗುಜ್ಜೆಯ ನಡುವಿಗೆ ಕತ್ತಿ ಇಟ್ಟಳು.

“ನೀವೇ ಯೋಚನೆ ಮಾಡಿ,” ಅಂದಳು.